ವರ್ಷಕ್ಕೆ 162 ಪಂದ್ಯ ತಡೆದುಕೊಳ್ಳುವ ಮೈ: ವೃತ್ತಿಪರ ಬೇಸ್‌ಬಾಲ್ ಆಟಗಾರರ ಫಿಟ್‌ನೆಸ್‌ಗೆ ಸಮಗ್ರ ಮಾರ್ಗದರ್ಶಿ

ಬೇಸ್‌ಬಾಲ್ ಪಂದ್ಯವನ್ನು ಟಿವಿಯಲ್ಲಿ ಆಗಾಗ ನೋಡುವವರಿಗೆ ಒಂದು ಅನುಮಾನ ಬರುವುದು ಸಹಜ. ಎರಡೂವರೆ ಗಂಟೆಗೂ ಜಾಸ್ತಿ ನಡೆಯುವ ಪಂದ್ಯದಲ್ಲಿ ಒಬ್ಬ ಫೀಲ್ಡರ್ ಪ್ರಾಣ ಬಿಟ್ಟು ಓಡುವುದು ಕೆಲವೇ ಸಲ. ಉಳಿದ ಹೊತ್ತು ನಿಂತಿರುತ್ತಾನೆ, ಇಲ್ಲವೇ ಮೈದಾನದ ಅಂಚಿನ ಆಟಗಾರರ ಕೂರುಜಾಗ ಡಗ್‌ಔಟ್‌ನಲ್ಲಿ ಕೂತಿರುತ್ತಾನೆ. ಇದಕ್ಕೆ ಅಷ್ಟೊಂದು ಕಸರತ್ತು ಯಾಕೆ ಬೇಕು?

ಉತ್ತರ ಕ್ಯಾಲೆಂಡರ್‌ನಲ್ಲಿದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ ಆಡುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಆರು ಪಂದ್ಯ. ನಡುವೆ ರಾತ್ರಿ ವಿಮಾನ, ಬೇರೆ ಬೇರೆ ಟೈಮ್ ಝೋನ್, ಹೋಟೆಲ್ ಹಾಸಿಗೆ. ಇನ್ನು ಪಿಚರ್‌ನ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನ, ಕೈ ನೋಡಿ. ಚೆಂಡು ಬಿಡುವ ಕ್ಷಣದಲ್ಲಿ ಅವನ ಭುಜ ಸೆಕೆಂಡಿಗೆ 7000 ಡಿಗ್ರಿಗೂ ಮೀರಿದ ವೇಗದಲ್ಲಿ ಒಳಕ್ಕೆ ತಿರುಗುತ್ತದೆ. ಮನುಷ್ಯನ ಕೀಲುಗಳಲ್ಲಿ ಅಳೆದಿರುವ ಅತಿ ವೇಗದ ಚಲನೆಗಳಲ್ಲಿ ಇದೊಂದು. ಅದನ್ನು ಒಂದೇ ರಾತ್ರಿ 90, 100 ಸಲ ಮಾಡಬೇಕು. ಐದಾರು ದಿನ ಬಿಟ್ಟು ಮತ್ತೆ ಮಾಡಬೇಕು.

ಹಾಗಾಗಿ ಇಲ್ಲಿ ಫಿಟ್‌ನೆಸ್ ಅಂದರೆ ದೊಡ್ಡ ತೋಳು, ಕಟ್ಟುಮಸ್ತಾದ ಎದೆ ಅಲ್ಲ. ಏಪ್ರಿಲ್‌ನಲ್ಲಿ ಎಷ್ಟು ಚುರುಕಾಗಿದ್ದನೋ ಸೆಪ್ಟೆಂಬರ್‌ನಲ್ಲೂ ಅಷ್ಟೇ ಚುರುಕಾಗಿರುವುದು. ಕ್ಯಾಲ್ ರಿಪ್ಕೆನ್ 1982ರಿಂದ 1998ರವರೆಗೆ ಸತತ 2632 ಪಂದ್ಯ ಆಡಿದರು. ಪಿಚರ್ ನೋಲನ್ ರಯಾನ್ 46ನೇ ವಯಸ್ಸಿನವರೆಗೆ ಪಿಚ್ ಮಾಡಿದರು (ಇಲ್ಲಿ ಪಿಚ್ ಅಂದರೆ ಎಸೆತ). ಅವರ ಮೈಕಟ್ಟು ಬೇರೆ ಬೇರೆ, ಆದರೆ ಇಬ್ಬರೂ ವರ್ಷವಿಡೀ ಶಿಸ್ತಾಗಿ ಮೈ ನೋಡಿಕೊಂಡವರು. ಈ ಬರಹದ ಹೆಜ್ಜೆಗಳೂ ವರ್ಷದ ಲೆಕ್ಕದಲ್ಲೇ ಇವೆ. ಯಾವ ವ್ಯಾಯಾಮ ಅನ್ನುವುದಕ್ಕಿಂತ ಯಾವ ತಿಂಗಳು ಅನ್ನುವುದು ಇಲ್ಲಿ ಮುಖ್ಯ.

ಹೆಜ್ಜೆ 1: ಮೊದಲು ಅಳೆಯಿರಿ

ಸೀಸನ್ ಮುಗಿದ ಕೂಡಲೇ ಜಿಮ್‌ಗೆ ನುಗ್ಗಬೇಡಿ. ಮೈ ಯಾವ ಸ್ಥಿತಿಯಲ್ಲಿದೆ ಅಂತ ಬರೆದಿಟ್ಟುಕೊಳ್ಳಿ.

ಪಿಚರ್‌ಗೆ ಮೊದಲ ಅಳತೆ ಭುಜದ್ದು. ಮಲಗಿ, ಮೊಣಕೈ ಮಡಚಿ, ಭುಜ ಹೊರಕ್ಕೆ ಎಷ್ಟು ಡಿಗ್ರಿ ತಿರುಗುತ್ತದೆ, ಒಳಕ್ಕೆ ಎಷ್ಟು ತಿರುಗುತ್ತದೆ ಅಂತ ಫಿಸಿಯೋ ಅಳೆಯುತ್ತಾರೆ. ಎಸೆಯುವ ಕೈ ಹೊರಕ್ಕೆ ಜಾಸ್ತಿ, ಒಳಕ್ಕೆ ಕಡಿಮೆ ತಿರುಗುವುದು ಮಾಮೂಲು. ಚಿಕ್ಕಂದಿನಿಂದ ಎಸೆದೂ ಎಸೆದೂ ತೋಳಿನ ಮೂಳೆಯೇ ಸ್ವಲ್ಪ ತಿರುಚಿಕೊಂಡಿರುತ್ತದೆ. ಅದು ತಪ್ಪಲ್ಲ. ನೋಡಬೇಕಾದದ್ದು ಎರಡನ್ನೂ ಕೂಡಿಸಿದ ಮೊತ್ತ. ಅದು ಎರಡೂ ಭುಜಗಳಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಐದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಫಿಸಿಯೋ ಹತ್ತಿರ ಕೂತು ಮಾತಾಡಿ. ಸುಮ್ನೆ ಇಂಟರ್‌ನೆಟ್ ನೋಡಿ ಭುಜವನ್ನು ಎಳೆದಾಡಬೇಡಿ. ಕೆಲವರ ಭುಜ ಮೊದಲೇ ಸಡಿಲ ಇರುತ್ತದೆ. ಅಂಥವರಿಗೆ ಸ್ಟ್ರೆಚ್ ಮಾಡಿದಷ್ಟೂ ಅಪಾಯ.

ಆಮೇಲೆ ಸೊಂಟದ ಕೀಲಿನ ತಿರುವು, ಒಂಟಿ ಕಾಲಿನ ಸಮತೋಲನ, ಜಿಗಿತದ ಎತ್ತರ, ಕೈಹಿಡಿತದ ಬಲ, 10 ಗಜ ಮತ್ತು 30 ಗಜದ ಓಟ. ಓಟಕ್ಕೆ ಮೇಜರ್ ಲೀಗ್‌ನಲ್ಲಿ ಒಂದು ಒಳ್ಳೆಯ ಅಳತೆಗೋಲಿದೆ. ಮೈದಾನದ ಕ್ಯಾಮೆರಾಗಳು ಆಟಗಾರನ ಗರಿಷ್ಠ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಅಂತ ಅಳೆಯುತ್ತವೆ. ಲೀಗ್ ಸರಾಸರಿ 27 ಅಡಿ. 30 ಅಡಿ ಮುಟ್ಟಿದವನು ನಿಜವಾದ ಓಟಗಾರ. ಹಿಂದಿನ ವರ್ಷಕ್ಕಿಂತ ಒಂದು ಅಡಿ ಕಡಿಮೆಯಾಗಿದ್ದರೆ ಚಳಿಗಾಲದ ಮೊದಲ ಕೆಲಸ ಯಾವುದು ಅಂತ ಅಲ್ಲೇ ಗೊತ್ತಾಯಿತು.

ಹೆಜ್ಜೆ 2: ಅಕ್ಟೋಬರ್‌ನಲ್ಲಿ ಚೆಂಡು ಕೆಳಗಿಡಿ

ಪಿಚರ್‌ಗಳು ಕನಿಷ್ಠ ನಾಲ್ಕರಿಂದ ಆರು ವಾರ ಚೆಂಡು ಎಸೆಯಲೇಬಾರದು. ಮೊದಲ ಎರಡು ವಾರ ಭಾರ ಎತ್ತುವುದೂ ಬೇಡ. ಈಜು, ನಡಿಗೆ, ಸೈಕಲ್ ಸಾಕು. ಸೀಸನ್ ಉದ್ದಕ್ಕೂ ಐಸ್ ಇಟ್ಟು, ಪಟ್ಟಿ ಸುತ್ತಿ ಮುಂದೂಡಿದ ನೋವಿಗೆ ಈಗ ಚಿಕಿತ್ಸೆ ಮಾಡಿಸಿ. ಇದು ಸೋಮಾರಿತನ ಅಲ್ಲ. ಮೂಳೆ, ಲಿಗಮೆಂಟ್‌ಗಳು ಸ್ನಾಯುಗಳಿಗಿಂತ ನಿಧಾನವಾಗಿ ಸರಿಹೋಗುತ್ತವೆ. ಅವುಗಳಿಗೆ ಸಮಯ ಕೊಡಲೇಬೇಕು.

ಹೆಜ್ಜೆ 3: ನವೆಂಬರ್, ಡಿಸೆಂಬರ್‌ನಲ್ಲಿ ಬಲ ಕಟ್ಟಿ

ವರ್ಷದಲ್ಲಿ ಭಾರ ಎತ್ತಲು ಸಿಗುವ ಒಳ್ಳೆಯ ಕಾಲ ಇದೇ. ವಾರಕ್ಕೆ ನಾಲ್ಕು ದಿನ ಇಡಿ. ಎರಡು ದಿನ ಕಾಲು, ಎರಡು ದಿನ ಮೈಯ ಮೇಲ್ಭಾಗ.

ಕಾಲಿನಿಂದ ಶುರು ಮಾಡಿ. ಎಸೆತದ ಶಕ್ತಿ ನೆಲದಿಂದ ಹುಟ್ಟಿ, ಕಾಲು, ಸೊಂಟ, ನಡು ದಾಟಿ ಕೈಗೆ ಬರುತ್ತದೆ. ಬ್ಯಾಟ್ ಬೀಸುವುದೂ ಹಾಗೆಯೇ. ಕಾಲಿನಲ್ಲಿ ದಮ್ಮಿಲ್ಲದವನು ಆ ಕೊರತೆಯನ್ನು ಭುಜದಿಂದ ತುಂಬಲು ನೋಡುತ್ತಾನೆ, ಭುಜ ಹೋಗುತ್ತದೆ. ಟ್ರ್ಯಾಪ್ ಬಾರ್ ಡೆಡ್‌ಲಿಫ್ಟ್, ಫ್ರಂಟ್ ಸ್ಕ್ವಾಟ್, ಒಂದು ಕಾಲು ಹಿಂದಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್, ಪಕ್ಕಕ್ಕೆ ಹೆಜ್ಜೆ ಹಾಕುವ ಲಂಜ್. ಮುಖ್ಯ ಲಿಫ್ಟ್‌ಗಳಲ್ಲಿ 3ರಿಂದ 5 ಸೆಟ್, ಪ್ರತಿ ಸೆಟ್‌ಗೆ 3ರಿಂದ 6 ಸಲ. ಒಂಟಿ ಕಾಲಿನ ವ್ಯಾಯಾಮ ತಪ್ಪಿಸಬೇಡಿ. ಪಿಚರ್ ಎಸೆಯುವಾಗ ಇಡೀ ಮೈಯ ವೇಗ ಮುಂದಿನ ಒಂದೇ ಕಾಲಿನ ಮೇಲೆ ಬಂದು ನಿಲ್ಲುತ್ತದೆ ಅಲ್ವಾ?

ಈ ನಿಲ್ಲಿಸುವ ಕೆಲಸವನ್ನು ಜನ ಮರೆಯುತ್ತಾರೆ. ಒಳ್ಳೆಯ ಎಂಜಿನ್ ಇರುವ ಗಾಡಿಗೆ ಅಷ್ಟೇ ಒಳ್ಳೆಯ ಬ್ರೇಕ್ ಬೇಕು. ಚೆಂಡು ಬಿಟ್ಟ ಮೇಲೆ ಆ ಕೈಯನ್ನು ತಡೆದು ನಿಲ್ಲಿಸುವುದು ಭುಜದ ಹಿಂಬದಿಯ ಸಣ್ಣ ಸ್ನಾಯುಗಳು, ಬೆನ್ನಿನ ಸ್ನಾಯುಗಳು. ರೊಟೇಟರ್ ಕಫ್ ಅನ್ನುವುದು ಈ ಸಣ್ಣ ಸ್ನಾಯುಗಳ ಗುಂಪಿಗೆ. ನಮ್ಮ ಕ್ರಿಕೆಟ್ ಓದುಗರಿಗೆ ಈ ಹೆಸರು ಗೊತ್ತಿರುತ್ತದೆ. 1997ರಲ್ಲಿ ಜಾವಗಲ್ ಶ್ರೀನಾಥ್ ಅವರನ್ನು ತಿಂಗಳುಗಟ್ಟಲೆ ಆಟದಿಂದ ದೂರ ಇಟ್ಟದ್ದು ಇದೇ ರೊಟೇಟರ್ ಕಫ್‌ನ ಗಾಯ. ಬೌಲಿಂಗ್ ಮತ್ತು ಪಿಚಿಂಗ್‌ನಲ್ಲಿ ಕೈ ಬೀಸುವ ರೀತಿ ಬೇರೆ. ಬೇಸ್‌ಬಾಲ್‌ನಲ್ಲಿ ಮೊಣಕೈ ಮಡಚಿ ಎಸೆಯುವುದರಿಂದ ಹೊರೆ ಮೊಣಕೈಯ ಒಳಬದಿಗೂ ಬೀಳುತ್ತದೆ. ಆದರೆ ಭುಜದ ಬ್ರೇಕ್ ಎರಡಕ್ಕೂ ಒಂದೇ.

ಆದ್ದರಿಂದ ಮೈಯ ಮೇಲ್ಭಾಗದ ದಿನಗಳಲ್ಲಿ ತಳ್ಳುವ ವ್ಯಾಯಾಮ ಒಂದು ಮಾಡಿದರೆ ಎಳೆಯುವ ವ್ಯಾಯಾಮ ಎರಡು ಮಾಡಿ. ರೋ, ಪುಲ್ಅಪ್, ಕೇಬಲ್ ಎಳೆತ. ತಳ್ಳುವುದಕ್ಕೆ ಪುಷ್‌ಅಪ್, ಡಂಬೆಲ್ ಪ್ರೆಸ್, ಲ್ಯಾಂಡ್‌ಮೈನ್ ಪ್ರೆಸ್. ತಲೆ ಮೇಲೆ ಭಾರದ ಬಾರ್‌ಬೆಲ್ ಎತ್ತುವುದನ್ನು ಪಿಚರ್‌ಗಳು ಬಿಟ್ಟರೆ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ಅದರಿಂದ ಸಿಗುವ ಲಾಭ ಬೇರೆ ದಾರಿಯಲ್ಲೂ ಸಿಗುತ್ತದೆ, ಅಪಾಯ ಮಾತ್ರ ಅದರಲ್ಲೇ ಜಾಸ್ತಿ.

ಇದರ ಜೊತೆಗೆ ಥ್ರೋವರ್ಸ್ ಟೆನ್ ಅನ್ನುವ ಹತ್ತು ವ್ಯಾಯಾಮಗಳ ಪಟ್ಟಿಯನ್ನು ಹಿಡಿಯಿರಿ. ಎಸೆಯುವ ಕ್ರೀಡಾಪಟುಗಳಿಗೆಂದೇ ಮಾಡಿದ್ದು. ರಬ್ಬರ್ ಟ್ಯೂಬ್, ಒಂದೆರಡು ಕಿಲೋ ಡಂಬೆಲ್ ಅಷ್ಟೇ ಬೇಕು. ಭುಜ ಹೊರಕ್ಕೆ ತಿರುಗಿಸುವುದು, ಪಕ್ಕಕ್ಕೆ ಎತ್ತುವುದು, ಬೋರಲು ಮಲಗಿ ಕೈ ಎತ್ತುವುದು, ಮಣಿಕಟ್ಟು ಮತ್ತು ಮುಂಗೈಯ ವ್ಯಾಯಾಮ. ಹಗುರ ಅಂತ ಕಡೆಗಣಿಸಬೇಡಿ. ಇವನ್ನು ಸುಸ್ತಾಗುವ ತನಕ ಮಾಡಬಾರದು. ಸುಸ್ತಾದ ಕಫ್ ಇಟ್ಟುಕೊಂಡು ಎಸೆದರೆ ಕೀಲು ಜಾರಾಡುತ್ತದೆ.

ಫೀಲ್ಡರ್‌ಗಳಿಗೆ ಇನ್ನೊಂದು ಜಾಗ ಇದೆ, ತೊಡೆಯ ಹಿಂಭಾಗ. ಹ್ಯಾಮ್‌ಸ್ಟ್ರಿಂಗ್ ಎಳೆತ ಈ ಆಟದ ತೀರಾ ಸಾಮಾನ್ಯ ಗಾಯ. ಕಾರಣ ಸರಳ. ಅರ್ಧ ಗಂಟೆ ನಿಂತವನು ಇದ್ದಕ್ಕಿದ್ದಂತೆ 90 ಅಡಿ ಪೂರ್ತಿ ವೇಗದಲ್ಲಿ ಓಡಬೇಕು. 2023ರಲ್ಲಿ ಓಟಗಾರ ಮುಟ್ಟಬೇಕಾದ ಬೇಸ್‌ಗಳನ್ನು 15 ಇಂಚಿನಿಂದ 18 ಇಂಚಿಗೆ ದೊಡ್ಡದು ಮಾಡಿದರು, ಪಿಚರ್ ಓಟಗಾರನನ್ನು ತಡೆಯಲು ಎಸೆಯುವ ಸಲಗಳಿಗೂ ಮಿತಿ ಹಾಕಿದರು. ಬೇಸ್ ಕದಿಯುವುದು, ಅಂದರೆ ಪಿಚರ್ ಎಸೆಯುವ ಹೊತ್ತಿಗೇ ಮುಂದಿನ ಬೇಸ್‌ಗೆ ಓಡಿಬಿಡುವುದು, ಒಂದೇ ವರ್ಷದಲ್ಲಿ 2486ರಿಂದ 3503ಕ್ಕೆ ಏರಿತು. ಓಟ ಜಾಸ್ತಿಯಾದರೆ ತೊಡೆಗೂ ಕೆಲಸ ಜಾಸ್ತಿ. ವಾರಕ್ಕೆ ಎರಡು ಸಲ ನಾರ್ಡಿಕ್ ಕರ್ಲ್ ಮಾಡಿ. ಮಂಡಿಯೂರಿ, ಹಿಂದಿನಿಂದ ಯಾರಾದರೂ ಕಾಲು ಹಿಡಿದಿರುವಾಗ, ಮೈಯನ್ನು ನೇರವಾಗಿ ಇಟ್ಟುಕೊಂಡು ನಿಧಾನವಾಗಿ ಮುಂದಕ್ಕೆ ಬಾಗುವುದು. ಶುರುವಿನಲ್ಲಿ ನಾಲ್ಕೈದು ಸಲ ಸಾಕು. ಮರುದಿನ ತೊಡೆ ಹಿಡಿದುಕೊಳ್ಳುತ್ತದೆ, ಹೆದರಬೇಡಿ.

ಇಲ್ಲೊಂದು ಹಳೇ ಪದ್ಧತಿಯ ಬಗ್ಗೆ ಹೇಳಲೇಬೇಕು. ಪಿಚರ್‌ಗಳನ್ನು ಮೈದಾನದ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಗಂಟೆಗಟ್ಟಲೆ ಜಾಗಿಂಗ್ ಮಾಡಿಸುವುದು. ಕೈಯಲ್ಲಿ ಸೇರಿದ ಲ್ಯಾಕ್ಟಿಕ್ ಆಸಿಡ್ ಅದರಿಂದ ಹೋಗುತ್ತದೆ ಅನ್ನುವ ನಂಬಿಕೆ ಇತ್ತು. ಲ್ಯಾಕ್ಟೇಟ್ ಅದಾಗಿಯೇ ಗಂಟೆಯೊಳಗೆ ರಕ್ತದಿಂದ ಹೊರಟುಹೋಗುತ್ತದೆ. ಒಂದು ಪಿಚ್ ಅಂದರೆ ಎರಡು ಸೆಕೆಂಡಿಗೂ ಕಡಿಮೆ ಹೊತ್ತಿನ ಸ್ಫೋಟ, ಆಮೇಲೆ ಹದಿನೈದು ಇಪ್ಪತ್ತು ಸೆಕೆಂಡ್ ಬಿಡುವು. ಇದಕ್ಕೆ ಮೈ ತಯಾರಾಗಬೇಕಾದರೆ ತರಬೇತಿಯೂ ಹಾಗೆಯೇ ಇರಬೇಕು. 20ರಿಂದ 60 ಗಜದ ಸ್ಪ್ರಿಂಟ್, ನಡುವೆ ಪೂರ್ತಿ ಬಿಡುವು. ಹಾಗಂತ ದಮ್ಮು ಬೇಡವೇ ಬೇಡ ಅಂತಲ್ಲ. ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ಆರಾಮಾಗಿ ಸೈಕಲ್ ತುಳಿಯಿರಿ. ರಯಾನ್ ಪಂದ್ಯ ಮುಗಿದ ಮೇಲೂ ಜಿಮ್‌ನ ಸೈಕಲ್ ಹತ್ತುತ್ತಿದ್ದರು.

ಹೆಜ್ಜೆ 4: ಜನವರಿಯಲ್ಲಿ ಬಲವನ್ನು ವೇಗ ಮಾಡಿ

ಈಗ ಭಾರ ಸ್ವಲ್ಪ ಕಡಿಮೆ, ವೇಗ ಜಾಸ್ತಿ. ಜಿಗಿತ, ಸ್ಪ್ರಿಂಟ್, ಎರಡರಿಂದ ನಾಲ್ಕು ಕಿಲೋದ ಮೆಡಿಸಿನ್ ಬಾಲನ್ನು ಗೋಡೆಗೆ ತಿರುಗಿ ಎಸೆಯುವುದು. ಪ್ರತಿ ಎಸೆತವೂ ಪೂರ್ತಿ ಜೋರಿನದ್ದಾಗಿರಬೇಕು. ಆರರಿಂದ ಎಂಟು ಎಸೆತಕ್ಕೆ ನಿಲ್ಲಿಸಿ, ಉಸಿರು ತೆಗೆದುಕೊಳ್ಳಿ. ಬಲಗೈ ಆಟಗಾರ ಎಡಕ್ಕೂ ಮಾಡಬೇಕು. ಒಂದೇ ಕಡೆ ತಿರುಗುವ ಆಟದಲ್ಲಿ ಪಕ್ಕೆಲುಬಿನ ಬಳಿಯ ಸ್ನಾಯು ಹರಿಯುವುದು ಬ್ಯಾಟರ್‌ಗಳಿಗೆ ದೊಡ್ಡ ತಲೆನೋವು.

ಚೆಂಡು ಎಸೆಯುವುದನ್ನು ಮತ್ತೆ ಶುರು ಮಾಡುವಾಗ 45 ಅಡಿಯಿಂದ ಮೆಲ್ಲಗೆ ಎಸೆಯಿರಿ. ನಂತರ 60, 90, 120 ಅಡಿ. ಆಮೇಲೆ ಮೌಂಡ್, ಅಂದರೆ ಪಿಚರ್ ನಿಂತು ಎಸೆಯುವ ದಿಬ್ಬ. ನೆನಪಿಡಬೇಕಾದ ನಿಯಮ ಒಂದೇ. ದೂರ, ಎಣಿಕೆ, ಜೋರು, ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಹೆಚ್ಚಿಸಿ.

ಭಾರದ ಚೆಂಡುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಾಮೂಲು ಬೇಸ್‌ಬಾಲ್ 5ರಿಂದ 5.25 ಔನ್ಸ್, ಅಂದರೆ 142ರಿಂದ 149 ಗ್ರಾಂ. ಅದಕ್ಕಿಂತ ಹಗುರ ಮತ್ತು ಭಾರದ ಚೆಂಡುಗಳಿಂದ ವೇಗ ಹೆಚ್ಚುವುದು ನಿಜ. ಆದರೆ 13ರಿಂದ 18 ವಯಸ್ಸಿನ ಪಿಚರ್‌ಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವಾರದ ಭಾರದ ಚೆಂಡಿನ ತರಬೇತಿಯಿಂದ ವೇಗ ಶೇಕಡ 3ರಷ್ಟು ಏರಿತು, ಜೊತೆಗೆ ತರಬೇತಿ ಪಡೆದವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹುಡುಗರು ಗಾಯಗೊಂಡರು. ವೃತ್ತಿಪರ ತಂಡದಲ್ಲಿ ಪ್ರತಿ ಎಸೆತ ಲೆಕ್ಕ ಇಡುವ ಕೋಚ್ ಇರುತ್ತಾರೆ. ಆ ಕಣ್ಗಾವಲಿಲ್ಲದೆ ಇದನ್ನು ಮುಟ್ಟಬೇಡಿ.

ಎಲ್ಲರಿಗೂ ಒಂದೇ ದಾರಿ ಅಂತಲೂ ಅಲ್ಲ. ಡಾಡ್ಜರ್ಸ್ ತಂಡದ ಪಿಚರ್ ಯೋಶಿನೊಬು ಯಮಾಮೊಟೊ ಭಾರ ಎತ್ತುವುದರಿಂದ ದೂರ. ಬ್ರಿಡ್ಜ್‌ನಂಥ ಮೈ ಬಾಗಿಸುವ ವ್ಯಾಯಾಮ, ಉಸಿರಾಟ, ಹಗುರ ಜಾವೆಲಿನ್ ಎಸೆತ, ಇದೇ ಅವರ ತರಬೇತಿ. 2025ರ ವರ್ಲ್ಡ್ ಸೀರೀಸ್ ಅನ್ನುವ ಫೈನಲ್ ಸರಣಿಯ ಆರನೇ ಪಂದ್ಯದಲ್ಲಿ 96 ಪಿಚ್ ಎಸೆದು, ಮರುದಿನವೇ ಏಳನೇ ಪಂದ್ಯದಲ್ಲಿ 34 ಪಿಚ್ ಎಸೆದು ಗೆಲ್ಲಿಸಿದರು. ಇದನ್ನು ಕಂಡು ನಾಳೆಯೇ ಜಿಮ್ ಬಿಡುವುದು ತಪ್ಪು. ಅವರು ಆ ದಾರಿಯಲ್ಲಿ ವರ್ಷಗಟ್ಟಲೆ ನಡೆದವರು. ಜಾವೆಲಿನ್ ಅಂದಾಗ ಭಾರತದ ರಿಂಕು ಸಿಂಗ್, ದಿನೇಶ್ ಪಟೇಲ್ ನೆನಪಾಗುತ್ತಾರೆ. ಉತ್ತರ ಪ್ರದೇಶದ ಈ ಇಬ್ಬರು ಜಾವೆಲಿನ್ ಹುಡುಗರು 2008ರಲ್ಲಿ ಮೇಜರ್ ಲೀಗ್‌ನ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಜೊತೆ ಸಹಿ ಹಾಕಿದರು. ಅವರನ್ನು ತಯಾರು ಮಾಡಿದ ಟಾಮ್ ಹೌಸ್, ಹಿಂದೆ ಟೆಕ್ಸಸ್ ತಂಡದಲ್ಲಿ ರಯಾನ್‌ಗೂ ಪಿಚಿಂಗ್ ಕೋಚ್ ಆಗಿದ್ದವರು.

ಹೆಜ್ಜೆ 5: ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ ಆತುರ ಬೇಡ

ಸೀಸನ್‌ಗೆ ಮುಂಚಿನ ಈ ತಯಾರಿ ಶಿಬಿರಕ್ಕೆ ಫೆಬ್ರವರಿ ಮಧ್ಯದಲ್ಲಿ ಪಿಚರ್‌ಗಳು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗಳು ಅರಿಜೋನಾ ಅಥವಾ ಫ್ಲಾರಿಡಾಕ್ಕೆ ಮೊದಲು ಬರುತ್ತಾರೆ. ಮೊದಲ ವಾರವೇ ಕೋಚ್‌ಗಳ ಕಣ್ಣಿಗೆ ಬೀಳಬೇಕು ಅಂತ ಪೂರ್ತಿ ಜೋರಿನಲ್ಲಿ ಎಸೆಯುವವರು ಬಹಳ ಜನ. ಪಿಚರ್‌ಗಳ ಗಾಯಗಳ ಬಗ್ಗೆ 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಹೊರತಂದ ವರದಿಯೂ ಈ ತಿಂಗಳುಗಳತ್ತ ಬೆರಳು ತೋರಿಸಿದೆ. ವೇಗದ ಹಿಂದೆ ಬಿದ್ದಿರುವುದು, ಪ್ರತಿ ಪಿಚ್‌ಗೂ ಪೂರ್ತಿ ಶಕ್ತಿ ಹಾಕುವುದು ಗಾಯಗಳಿಗೆ ದೊಡ್ಡ ಕಾರಣ ಅಂತ ಅದರಲ್ಲಿದೆ. ಆರು ವಾರ ಸಮಯ ಇದೆ. ಒಂದು ಇನ್ನಿಂಗ್ಸ್‌ನಿಂದ (ಬೇಸ್‌ಬಾಲ್ ಪಂದ್ಯದಲ್ಲಿ ಒಂಬತ್ತು ಸಣ್ಣ ಇನ್ನಿಂಗ್ಸ್ ಇರುತ್ತವೆ) ಶುರು ಮಾಡಿ ಐದಾರಕ್ಕೆ ಬನ್ನಿ.

ಹೆಜ್ಜೆ 6: ಸೀಸನ್‌ನಲ್ಲಿ ಕಟ್ಟಿದ್ದನ್ನು ಉಳಿಸಿಕೊಳ್ಳಿ

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಪಂದ್ಯಗಳ ನಡುವೆ ಸುಸ್ತು ಅಂತ ಜಿಮ್ ಬಿಡುತ್ತಾರೆ. ಜುಲೈ ಹೊತ್ತಿಗೆ ಚಳಿಗಾಲದಲ್ಲಿ ಗಳಿಸಿದ ಬಲ ಕರಗಿರುತ್ತದೆ. ವಾರಕ್ಕೆ ಎರಡು ಸಲ, ಅರ್ಧ ಗಂಟೆ ಸಾಕು. ಭಾರ ಇಳಿಸಬೇಡಿ, ಸೆಟ್ ಇಳಿಸಿ. ಎರಡು ಸೆಟ್, ಮೂರು ಮೂರು ಸಲ ಭಾರದ ಡೆಡ್‌ಲಿಫ್ಟ್ ಮಾಡಿದರೆ ಬಲ ಉಳಿಯುತ್ತದೆ, ಮೈ ನೋವೂ ಕಡಿಮೆ.

ಪಂದ್ಯದ ಮೊದಲಿನಿಂದ ಎಸೆಯುವ ಸ್ಟಾರ್ಟಿಂಗ್ ಪಿಚರ್‌ನ ವಾರ ಹೀಗಿರಲಿ. ಪಂದ್ಯದ ಮರುದಿನ ಕಾಲಿನ ಭಾರದ ವ್ಯಾಯಾಮ, ಸ್ವಲ್ಪ ಸೈಕಲ್, ಭುಜದ ಚಲನೆ ಅಳೆಯುವುದು, ಬೇಕಿದ್ದರೆ ಮೆಲ್ಲಗೆ ಕ್ಯಾಚ್. ಎರಡನೇ ದಿನ ಬುಲ್‌ಪೆನ್‌ನಲ್ಲಿ, ಅಂದರೆ ಪಿಚರ್‌ಗಳು ಅಭ್ಯಾಸ ಮಾಡುವ ಜಾಗದಲ್ಲಿ, 20ರಿಂದ 30 ಪಿಚ್, ಆಮೇಲೆ ಎಳೆಯುವ ವ್ಯಾಯಾಮ. ಮೂರನೇ ದಿನ ಸ್ಪ್ರಿಂಟ್, ಕಫ್ ವ್ಯಾಯಾಮ. ನಾಲ್ಕನೇ ದಿನ ಹಗುರ ಎಸೆತ, ಸ್ಟ್ರೆಚ್, ಬೇಗ ನಿದ್ದೆ. ಐದನೇ ದಿನ ಪಂದ್ಯ. ಆರು ದಿನದ ಸುತ್ತು ಇದ್ದರೆ ಮೂರನೇ ದಿನದ ನಂತರ ಒಂದು ದಿನ ಪೂರ್ತಿ ಬಿಡುವು ಸೇರಿಸಿ. ಭಾರದ ಕೆಲಸವನ್ನು ಪಂದ್ಯದ ಮರುದಿನವೇ ಮುಗಿಸುವುದಕ್ಕೆ ಕಾರಣ ಇದೆ. ಮುಂದಿನ ಪಂದ್ಯಕ್ಕೆ ಕಾಲುಗಳು ಹಸನಾಗಿರಬೇಕು.

ಪಂದ್ಯದ ನಡುವೆ ಬಂದು ಎಸೆಯುವ ರಿಲೀವರ್‌ಗಳಿಗೆ ಈ ಅನುಕೂಲ ಇಲ್ಲ. ಇವತ್ತು ಕರೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅವರು ವಾರದ ವ್ಯಾಯಾಮವನ್ನು ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಮಾಡಿಕೊಳ್ಳಬೇಕು. ಬುಲ್‌ಪೆನ್‌ನಲ್ಲಿ ಬೆಚ್ಚಗಾಗಲು ಎಸೆದ ಚೆಂಡುಗಳನ್ನೂ ಎಣಿಸಿ. ಮೈದಾನಕ್ಕೆ ಇಳಿಯದಿದ್ದರೂ ಕೈ ಕೆಲಸ ಮಾಡಿದೆ. 2023ರಿಂದ ಪಿಚ್ ಕ್ಲಾಕ್, ಅಂದರೆ ಮುಂದಿನ ಚೆಂಡು ಎಸೆಯಲು ಸಮಯದ ಮಿತಿ, ಬಂದಿದೆ. ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ಓಟಗಾರ ಇದ್ದರೆ ಈಗ 18 ಸೆಕೆಂಡ್. ಬಿಡುವು ಕಡಿಮೆಯಾಗಿದೆ. ಬುಲ್‌ಪೆನ್ ಅಭ್ಯಾಸವನ್ನೂ ಅದೇ ಗಡಿಯಾರ ಇಟ್ಟುಕೊಂಡು ಮಾಡಿ.

ಬ್ಯಾಟರ್‌ಗಳು ಬೀಸುವುದನ್ನು ಎಣಿಸುವುದೇ ಇಲ್ಲ. ಬೆಳಗ್ಗೆ ಬಲೆ ಕಟ್ಟಿದ ಕೇಜ್‌ನಲ್ಲಿ, ಸಂಜೆ ಬ್ಯಾಟಿಂಗ್ ಪ್ರಾಕ್ಟೀಸ್‌ನಲ್ಲಿ, ರಾತ್ರಿ ಪಂದ್ಯದಲ್ಲಿ. ಫಾರ್ಮ್ ಹೋದವನು ಇನ್ನೂ ಜಾಸ್ತಿ ಬೀಸುತ್ತಾನೆ, ಪಕ್ಕೆ ಹಿಡಿದುಕೊಳ್ಳುತ್ತದೆ. ದಿನದ ಮಿತಿ ಮೊದಲೇ ಗೊತ್ತುಮಾಡಿ. ಔಟ್‌ಫೀಲ್ಡರ್‌ಗಳು ಇನ್ನಿಂಗ್ಸ್ ನಡುವೆ ಎರಡು ಮೂರು ಸಣ್ಣ ಓಟ ಓಡಲಿ. ವಾರಕ್ಕೊಮ್ಮೆ ಪೂರ್ತಿ ವೇಗದ ಓಟ ಪಂದ್ಯದಲ್ಲಿ ಸಿಗದಿದ್ದರೆ ಅಭ್ಯಾಸದಲ್ಲಿ ಓಡಬೇಕು. ಓಡದ ತೊಡೆಯೇ ಹರಿಯುವುದು.

ಕ್ಯಾಚರ್‌ನ ಕಷ್ಟವೇ ಬೇರೆ. ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕು. ಈಗ ಬಹಳ ಜನ ಒಂದು ಮಂಡಿ ನೆಲಕ್ಕೂರುತ್ತಾರೆ, ಮಂಡಿಗೆ ಅದು ಒಳ್ಳೆಯದು. ಸೀಸನ್‌ನಲ್ಲಿ ಕ್ಯಾಚರ್‌ಗೆ ಆಳದ ಸ್ಕ್ವಾಟ್ ಬೇಡ. ಅರ್ಧದವರೆಗಿನ ಸ್ಕ್ವಾಟ್, ಡೆಡ್‌ಲಿಫ್ಟ್, ಸೊಂಟದ ಕೀಲು ಸಡಿಲ ಇಡುವ ವ್ಯಾಯಾಮ ಸಾಕು.

ಹೆಜ್ಜೆ 7: ಊಟ, ನೀರು, ನಿದ್ದೆ

ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.6ರಿಂದ 2.2 ಗ್ರಾಂ ಪ್ರೊಟೀನ್ ಬೇಕು. 95 ಕಿಲೋ ಆಟಗಾರನಿಗೆ ಸುಮಾರು 150ರಿಂದ 210 ಗ್ರಾಂ. ನಾಲ್ಕು ಹೊತ್ತಿಗೆ ಹಂಚಿ ತಿನ್ನಿ. ಬೇಸಿಗೆಯಲ್ಲಿ ಪಂದ್ಯದ ಮೊದಲು, ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ನೀರು, ಜೊತೆಗೆ ಉಪ್ಪು ಹೋಗಬೇಕು. ಸಪ್ಲಿಮೆಂಟ್ ತೆಗೆದುಕೊಳ್ಳುವುದಾದರೆ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತು ಇರುವುದನ್ನೇ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಬರೆಯದ ವಸ್ತು ಒಳಗಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಶಿಕ್ಷೆ ಆಟಗಾರನಿಗೇ.

ನಿದ್ದೆಗೆ ಎಂಟು ಒಂಬತ್ತು ಗಂಟೆ ಇಡಿ. ರಾತ್ರಿ ಪಂದ್ಯ ಮುಗಿಸಿ, ವಿಮಾನ ಹತ್ತಿ, ನಸುಕಿಗೆ ಹೋಟೆಲ್ ಸೇರಿದ ದಿನ ಮಧ್ಯಾಹ್ನದ ವ್ಯಾಯಾಮ ಕೈಬಿಟ್ಟು ಮಲಗಿ. ಪಶ್ಚಿಮದಿಂದ ಪೂರ್ವಕ್ಕೆ ಹೋದಾಗ ಮೈ ಹೊಂದಿಕೊಳ್ಳುವುದು ಜಾಸ್ತಿ ಕಷ್ಟ. ಮಧ್ಯಾಹ್ನದ ಮೇಲೆ ಕಾಫಿ ನಿಲ್ಲಿಸಿ. ಹಿಂದೆ ಸುಸ್ತು ಮರೆಸಲು ಆಂಫೆಟಮಿನ್ ಮಾತ್ರೆ ನುಂಗುವ ಚಟ ಈ ಆಟದಲ್ಲಿತ್ತು. 2006ರಿಂದ ಅದಕ್ಕೆ ಪರೀಕ್ಷೆ, ನಿಷೇಧ ಎರಡೂ ಇವೆ.

ಹೆಜ್ಜೆ 8: ನೋವಿನ ಮಾತು ಕೇಳಿ

ಸ್ನಾಯು ನೋವು ಅಗಲಕ್ಕೆ ಹರಡಿಕೊಂಡಿರುತ್ತದೆ, ಎರಡು ದಿನದಲ್ಲಿ ಇಳಿಯುತ್ತದೆ. ಕೀಲಿನ ನೋವು ಒಂದೇ ಜಾಗದಲ್ಲಿ ಚುಚ್ಚುತ್ತದೆ. ಮೊಣಕೈಯ ಒಳಬದಿಯಲ್ಲಿ ನೋವು, ಕಿರುಬೆರಳಿನಲ್ಲಿ ಜೋಮು, ಕಾರಣವಿಲ್ಲದೆ ಚೆಂಡಿನ ವೇಗ ಇಳಿಯುವುದು, ಎಸೆದ ಚೆಂಡು ಗುರಿ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಅವತ್ತೇ ನಿಲ್ಲಿಸಿ ಡಾಕ್ಟರ್ ನೋಡಬೇಕು.

1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅವರು ಡಾಡ್ಜರ್ಸ್ ಪಿಚರ್ ಟಾಮಿ ಜಾನ್ ಅವರ ಹರಿದ ಮೊಣಕೈ ಲಿಗಮೆಂಟ್ ಬದಲಿಗೆ ಅವರದೇ ಇನ್ನೊಂದು ಕೈಯ ಸ್ನಾಯುರಜ್ಜು ಜೋಡಿಸಿದರು. ಟಾಮಿ ಜಾನ್ 1976ರಲ್ಲಿ ಮರಳಿ ಬಂದು ಇನ್ನೂ 164 ಪಂದ್ಯ ಗೆದ್ದರು. ಆ ಯಶಸ್ಸು ಒಂದು ಕೆಟ್ಟ ನಂಬಿಕೆಯನ್ನೂ ಹುಟ್ಟಿಸಿದೆ. ಆಪರೇಷನ್ ಮಾಡಿಸಿದರೆ ಕೈ ಹೊಸದಾಗುತ್ತದೆ ಅಂತ. ಹಾಗಿಲ್ಲ. ಪಿಚರ್ ಮರಳಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು, ಕೆಲವರು ಮರಳುವುದೇ ಇಲ್ಲ. ಪಿಚಿಂಗ್, ಬ್ಯಾಟಿಂಗ್ ಎರಡೂ ಮಾಡುವ ಶೋಹೇ ಒಟಾನಿ 2023ರ ಸೆಪ್ಟೆಂಬರ್‌ನಲ್ಲಿ ಎರಡನೇ ಸಲ ಮೊಣಕೈ ಆಪರೇಷನ್ ಮಾಡಿಸಿಕೊಂಡರು. 2024ರಲ್ಲಿ ಬ್ಯಾಟರ್ ಆಗಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದರು. ಆದರೂ ಪಂದ್ಯದಲ್ಲಿ ಮತ್ತೆ ಪಿಚ್ ಮಾಡಿದ್ದು 2025ರ ಜೂನ್‌ನಲ್ಲಿ. ಅಂಥ ಆಟಗಾರನಿಗೇ ಅವಸರ ಮಾಡಲು ಬಿಡಲಿಲ್ಲ.

ಹೆಜ್ಜೆ 9: ಮನೆಯಲ್ಲಿ ಚಿಕ್ಕ ಪಿಚರ್ ಇದ್ದರೆ

ಅಮೆರಿಕದಲ್ಲಿರುವ ಎಷ್ಟೋ ಕನ್ನಡಿಗರ ಮಕ್ಕಳು ಲಿಟಲ್ ಲೀಗ್ ಆಡುತ್ತಾರೆ. ಮೇಲಿನ ಭಾರದ ಕಾರ್ಯಕ್ರಮ ಅವರಿಗಲ್ಲ. ಅವರಿಗೆ ಪಿಚ್ ಸ್ಮಾರ್ಟ್ ಅನ್ನುವ ಮಾರ್ಗಸೂಚಿ ಇದೆ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ್ದು. ದಿನಕ್ಕೆ ಗರಿಷ್ಠ ಪಿಚ್, 9-10 ವಯಸ್ಸಿಗೆ 75, 11-12ಕ್ಕೆ 85, 13ರಿಂದ 16ಕ್ಕೆ 95, 17-18ಕ್ಕೆ 105. ಹದಿನಾಲ್ಕರೊಳಗಿನ ಮಗು 66 ಅಥವಾ ಹೆಚ್ಚು ಪಿಚ್ ಎಸೆದರೆ ನಾಲ್ಕು ದಿನ ಬಿಡುವು. ವರ್ಷದಲ್ಲಿ ನಾಲ್ಕು ತಿಂಗಳು ಎಸೆಯುವುದೇ ಬೇಡ, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ ಬರಬೇಕು. ಆ ತಿಂಗಳುಗಳಲ್ಲಿ ಫುಟ್‌ಬಾಲ್, ಈಜು, ಏನಾದರೂ ಆಡಲಿ. ಮನೆಯಲ್ಲಿ ಮಾಂಸ ಮಾಡದಿದ್ದರೆ ಮೊಸರು, ಪನೀರ್, ಬೇಳೆ, ಕಡಲೆಕಾಳು ಪ್ರತಿ ಊಟದಲ್ಲೂ ಇರಲಿ. ಬರೀ ಅನ್ನ ಸಾರು ಸಾಲದು.

ಮಗು ಶಾಲೆಯ ತಂಡ ಮತ್ತು ಊರೂರಿಗೆ ಹೋಗಿ ಆಡುವ ಟ್ರಾವೆಲ್ ತಂಡ ಎರಡರಲ್ಲೂ ಆಡುತ್ತಿದ್ದರೆ ಒಬ್ಬ ಕೋಚ್‌ಗೆ ಇನ್ನೊಬ್ಬರ ಎಣಿಕೆ ಗೊತ್ತಿರುವುದಿಲ್ಲ. ಎರಡೂ ಕಡೆಯ ಪಿಚ್‌ಗಳನ್ನು ನೀವೇ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ಮತ್ತು ಪ್ರತಿ ಪಂದ್ಯದ ಮೊದಲು ಅದನ್ನು ಕೋಚ್‌ಗೆ ತೋರಿಸಿ.